ಶಹಾಪುರದ ಬೋರ್ಡಿಲ್ಲದ ಅಂಗಡಿಯಲ್ಲಿ ಡಿಸ್ಕ್ ಬ್ರೇಕ್ ರಿಪೇರಿ

ಈ ಅಂಗಡಿಗೆ ಬೋರ್ಡ್ ಇಲ್ಲ. ಬಿಲ್ ಕೊಡುವ ಪದ್ಧತಿ ಇಲ್ಲ. ಫೋನ್ ಮಾಡಿದರೆ ಎತ್ತುತ್ತಾರೆ ಅನ್ನೋ ಗ್ಯಾರಂಟಿಯೂ ಇಲ್ಲ. ಆದರೂ ಬೆಳಗಾವಿಯಲ್ಲಿ ಹೈಡ್ರಾಲಿಕ್ ಬ್ರೇಕ್ ಕೈಕೊಟ್ಟರೆ ನಾನು ಸೈಕಲ್ ತಳ್ಳಿಕೊಂಡು ಹೋಗುವುದು ಇಲ್ಲಿಗೇ. ಯಾಕಂದರೆ ಇಲ್ಲಿನ ಕಾಕಾ ಎಣ್ಣೆ ಬಾಟಲಿಗೆ ಕೈ ಹಾಕುವ ಮುಂಚೆ ಬ್ರೇಕನ್ನು ಬಿಚ್ಚಿ ನೋಡುತ್ತಾರೆ. ಇದೇನು ದೊಡ್ಡ ವಿಷಯ ಅನಿಸಬಹುದು. ಲಿವರ್ ಮೆತ್ತಗಾಗಿದೆ ಅಂದ ಕೂಡಲೇ, ಚಕ್ರವನ್ನೂ ತಿರುಗಿಸಿ ನೋಡದೆ "ಬ್ಲೀಡಿಂಗ್ ಮಾಡಬೇಕು ಮೇಡಂ" (ಅಂದರೆ ಬ್ರೇಕಿನೊಳಗಿನ ಗಾಳಿ ತೆಗೆದು ಹೊಸ ಎಣ್ಣೆ ತುಂಬಬೇಕು) ಅಂತ ಚೀಟಿ ಬರೆಯುವವರ ಹತ್ತಿರ ದುಡ್ಡು ಕೊಟ್ಟವರಿಗೆ ಇದರ ಬೆಲೆ ಗೊತ್ತು.

ನಾನು ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ಮಾಡುವ ಒಂದು ಘಟಕದ ಟೆಸ್ಟಿಂಗ್ ವಿಭಾಗದಲ್ಲಿದ್ದೇನೆ. ನಮ್ಮ ಊರಿನ ತಮಾಷೆ ಅಂದರೆ ಇದೇ. ಪಂಪು, ವಾಲ್ವು, ಪವರ್ ಪ್ಯಾಕು ಮಾಡಿ ದೇಶಕ್ಕೆಲ್ಲ ಕಳಿಸುತ್ತೇವೆ, ಫೌಂಡ್ರಿಗಳಂತೂ ಲೆಕ್ಕವಿಲ್ಲದಷ್ಟು. ಸೈಕಲ್ಲಿನ ಹೆಬ್ಬೆರಳು ಗಾತ್ರದ ಹೈಡ್ರಾಲಿಕ್ ಸಿಸ್ಟಮ್ ಸರಿಮಾಡುವವರನ್ನು ಮಾತ್ರ ಹುಡುಕಬೇಕು. ಹಾಗಾಗಿ ಈ ವಿಮರ್ಶೆಯಲ್ಲಿ ಸ್ವಲ್ಪ ನನ್ನ ಕೆಲಸದ ಕಣ್ಣೂ ಇದೆ. ಜಾಸ್ತಿ ಟೆಕ್ನಿಕಲ್ ಅನಿಸಿದ ಕಡೆ ಜಿಗಿದು ಮುಂದೆ ಹೋಗಿ.

ನನ್ನದು 29 ಇಂಚಿನ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್. ಎರಡೂ ಕಡೆ ಶಿಮಾನೊ ಎಂಟಿ200 ಬ್ರೇಕ್. ರಜಾದಿನ ಯಳ್ಳೂರಿನ ರಾಜಹಂಸಗಡ ಕೋಟೆಯ ಗುಡ್ಡ, ಕಾಲು ಗಟ್ಟಿ ಇದ್ದರೆ ಜಾಂಬೋಟಿ ರಸ್ತೆ. ಮಳೆಗಾಲದಲ್ಲಿ ನಮ್ಮ ಕಡೆಯ ಕೆಂಪು ಮಣ್ಣು ಬ್ರೇಕ್ ಪ್ಯಾಡುಗಳನ್ನು (ಉಜ್ಜಿ ಚಕ್ರ ನಿಲ್ಲಿಸುವ ತುಂಡುಗಳನ್ನು) ಹೇಗೆ ತಿನ್ನುತ್ತೆ ಅಂತ ಇಲ್ಲಿ ಓಡಿಸುವವರಿಗೆ ಹೇಳಬೇಕಿಲ್ಲ. ಜುಲೈನಲ್ಲಿ ಹೊಸದಾಗಿ ಹಾಕಿದ್ದು ಗಣಪತಿ ಹಬ್ಬದ ಹೊತ್ತಿಗೆ ತಗಡು ಕಾಣಿಸುತ್ತದೆ.

ತಕರಾರು ಶುರುವಾಗಿದ್ದು ಮುಂದಿನ ಬ್ರೇಕಿನಿಂದ. ಮಳೆಗಾಲಕ್ಕೆ ಮುಂಚೆ ಲಿವರ್ ಬಹಳ ಒಳಗೆ ಬರುತ್ತಿತ್ತು, ಬೆರಳಿಗೆ ಹ್ಯಾಂಡಲ್ ತಾಗುವಷ್ಟು. ಊರೊಳಗಿನ ಒಂದು ದೊಡ್ಡ ಅಂಗಡಿಯವರು ಬ್ಲೀಡಿಂಗ್ ಮಾಡಿಕೊಟ್ಟರು. ಲಿವರ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಎಲ್ಲ ಚೆನ್ನಾಗಿತ್ತು. ಮಳೆ ಬಂತು, ಪ್ಯಾಡ್ ಸವೆಯಿತು, ಹೊಸ ಜೋಡಿ ತರಿಸಿದೆ. ಹಾಕಲು ಹೋದರೆ ಅವುಗಳ ನಡುವೆ ರೋಟರಿಗೆ, ಅಂದರೆ ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಗೆ, ಜಾಗವೇ ಇಲ್ಲ! ಪ್ಯಾಡನ್ನು ಒತ್ತುವ ಪಿಸ್ಟನ್ ಒಳಗೆ ತಳ್ಳಿದರೆ ಅರ್ಧ ಹೋಗಿ ನಿಲ್ಲುತ್ತಿತ್ತು. ಬಲವಂತ ಮಾಡಿ ಕೂರಿಸಿದರೆ ಚಕ್ರ ಒಂದು ಸುತ್ತೂ ತಿರುಗಲಿಲ್ಲ. ಅದೇ ಅಂಗಡಿಗೆ ಒಯ್ದರೆ "ಕ್ಯಾಲಿಪರ್ ಹೋಗಿದೆ, ಹೊಸ ಸೆಟ್ಟೇ ಹಾಕಿಸಿಬಿಡಿ" ಅಂದರು. ಕ್ಯಾಲಿಪರ್ ಅಂದರೆ ಪಿಸ್ಟನ್, ಪ್ಯಾಡು ಕೂರುವ ಭಾಗ.

ನಮ್ಮ ಪೇಂಟ್ ಶಾಪಿನ ಹುಡುಗನೊಬ್ಬ ಕಾಕಾನ ಅಂಗಡಿ ಹೇಳಿದ. ಶಹಾಪುರದ ಒಳಗಲ್ಲಿ, ಮುಂದೆ ಅಟ್ಲಾಸ್, ಹೀರೋ ಸೈಕಲ್ಲುಗಳ ಹಳೆ ಚಕ್ರಗಳ ರಾಶಿ. ಒಳಗೆ ತೊಲೆಯಿಂದ ಇಳಿಬಿಟ್ಟ ಎರಡು ಹಗ್ಗ. ಸೈಕಲ್ ಕೂರಿಸುವ ಸ್ಟ್ಯಾಂಡ್ ಅಂದರೆ ಅದೇ. ಇಲ್ಲಿ ಕಾರ್ಬನ್ ಬೈಕ್ ತಂದವನಿಗೂ ಅದೇ ಹಗ್ಗ, ಹಾಲಿನ ಕ್ಯಾನ್ ಹೊರುವ ಸೈಕಲ್ಲಿಗೂ ಅದೇ ಹಗ್ಗ.

ಕಾಕಾ ಮೊದಲು ಮುಟ್ಟಿದ್ದು ಲಿವರನ್ನಲ್ಲ. ಕೇಳಿದ್ದು ಒಂದು ಪ್ರಶ್ನೆ.

"ಎಣ್ಣಿ ಹಾಕಿಸಿದಾಗ ಪ್ಯಾಡ್ ಹೊಸಾವು ಇದ್ವೋ, ಹಳೇವೋ ಅಕ್ಕಾರ?"

ಹಳೆಯವು ಅಂದೆ.

"ಹಂಗಾರ ಕ್ಯಾಲಿಪರ್‌ಗೆ ಏನೂ ಆಗಿಲ್ರಿ. ಎಣ್ಣಿ ಜಾಸ್ತಿ ಆಗೇತಿ. ಹೊಟ್ಟಿ ತುಂಬೇತಿ ಅದರದು."

ಇಷ್ಟೇ. ದೊಡ್ಡ ಅಂಗಡಿಯಲ್ಲಿ ಸಾವಿರಾರು ರೂಪಾಯಿಯ ಹೊಸ ಸೆಟ್ಟು ಅಂದದ್ದಕ್ಕೆ ಇಲ್ಲಿ ಒಂದು ಪ್ರಶ್ನೆಯಲ್ಲಿ ಉತ್ತರ ಸಿಕ್ಕಿತು. ಇದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದೇ ತೊಂದರೆ ಬೇರೆಯವರ ಸೈಕಲ್ಲಿನಲ್ಲೂ ನೋಡಿದ್ದೇನೆ.

ಪ್ಯಾಡ್ ಸವೆದ ಹಾಗೆ ಪಿಸ್ಟನ್‌ಗಳು ತಾವಾಗಿಯೇ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತವೆ. ಅವುಗಳ ಹಿಂದೆ ಆಗುವ ಖಾಲಿ ಜಾಗಕ್ಕೆ ಲಿವರಿನಲ್ಲಿರುವ ಪುಟ್ಟ ಟ್ಯಾಂಕಿಯಿಂದ ಎಣ್ಣೆ ಇಳಿಯುತ್ತದೆ. ಅದಕ್ಕೇ ಬ್ಲೀಡಿಂಗ್ ಮಾಡುವಾಗ ಪ್ಯಾಡ್ ತೆಗೆದು, ಪಿಸ್ಟನ್‌ಗಳನ್ನು ಪೂರ್ತಿ ಒಳಗೆ ತಳ್ಳಿ, ನಡುವೆ ಒಂದು ಪ್ಲಾಸ್ಟಿಕ್ ತುಂಡು ಇಟ್ಟು ಆಮೇಲೆ ಎಣ್ಣೆ ತುಂಬಬೇಕು. ಶಿಮಾನೊ ಬ್ರೇಕ್ ಜೊತೆ ಬರುವ ಆ ಹಳದಿ ತುಂಡನ್ನು ನಮ್ಮಲ್ಲಿ ಬಹಳ ಮಂದಿ ಪ್ಯಾಕಿಂಗ್ ಅಂತ ಎಸೆಯುತ್ತಾರೆ. ಸವೆದ ಪ್ಯಾಡ್ ಇಟ್ಟುಕೊಂಡೇ ಟ್ಯಾಂಕಿ ತುಂಬಿಸಿದರೆ ಅವತ್ತಿಗೆ ಲಿವರ್ ಚೆನ್ನಾಗಿಯೇ ಇರುತ್ತದೆ. ದಪ್ಪನೆಯ ಹೊಸ ಪ್ಯಾಡ್ ಹಾಕುವ ದಿನ ಪಿಸ್ಟನ್ ಹಿಂದೆ ಸರಿಯಬೇಕು, ಎಣ್ಣೆ ಮೇಲೆ ಹೋಗಬೇಕು. ಆದರೆ ಮೇಲೆ ಜಾಗ ಎಲ್ಲಿದೆ? ಎಣ್ಣೆಯನ್ನು ಅಮುಕಿ ಚಿಕ್ಕದು ಮಾಡಲು ಆಗುವುದಿಲ್ಲ, ಅಲ್ವಾ. ಬ್ರೇಕ್ ಕೆಲಸ ಮಾಡುವುದೇ ಆ ಗುಣದಿಂದ.

ಕಾಕಾ ಲಿವರನ್ನು ನೆಲಕ್ಕೆ ಸಮವಾಗಿ ತಿರುಗಿಸಿದರು. ಮೇಲಿನ ಪುಟ್ಟ ಸ್ಕ್ರೂ ತೆಗೆದು ಒಂದು ಬಾಟಲಿ ಮುಚ್ಚಳದಲ್ಲಿ ಇಟ್ಟರು. ಅದರ ರಬ್ಬರ್ ಉಂಗುರ ಉರುಳಿ ಹೋದರೆ ದಿನವೆಲ್ಲ ಹುಡುಕಬೇಕು. ಆ ತೂತಿಗೆ ಪ್ಲಾಸ್ಟಿಕ್ ಫನೆಲ್ ತಿರುಗಿಸಿದರು. ಕೆಳಗೆ ಪಿಸ್ಟನ್‌ಗಳ ನಡುವೆ ಟೈರ್ ಬಿಚ್ಚಲು ಬಳಸುವ ಹಳೆ ಪ್ಲಾಸ್ಟಿಕ್ ಟೈರ್ ಲಿವರ್ ತೂರಿಸಿ ಮೆಲ್ಲಗೆ ಒತ್ತಿದರು. ಸ್ಕ್ರೂಡ್ರೈವರ್ ಅಲ್ಲ, ಇದನ್ನು ಗಮನಿಸಿ. ಕೆಲವು ಕ್ಯಾಲಿಪರ್‌ಗಳಲ್ಲಿ ಪಿಸ್ಟನ್ ಸೆರಾಮಿಕ್ಕಿನದು. ಕಬ್ಬಿಣ ತಾಗಿದರೆ ಅಂಚು ಒಡೆಯುತ್ತದೆ, ಆಮೇಲೆ ಎಣ್ಣೆ ಸೋರಿಕೆ ಕಾಯಂ. ಒತ್ತಿದ ಹಾಗೆ ಫನೆಲ್ಲಿನಲ್ಲಿ ಎಣ್ಣೆ ಏರುತ್ತಾ ಬಂತು. ಮೊದಲು ತಿಳಿ ಗುಲಾಬಿ ಬಣ್ಣ. ಕೊನೆಗೆ ಕ್ಯಾಲಿಪರಿನ ತಳದಿಂದ ಚಹಾ ಡಿಕಾಕ್ಷನ್ನಿನಂಥ ಕಪ್ಪು ಎಳೆಯೊಂದು ಮೇಲೆ ಬಂದು ಗುಲಾಬಿಯೊಳಗೆ ಹರಡಿತು. ಅದರ ಹಿಂದೆ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು, ಒಂದೊಂದಾಗಿ.

"ನೋಡ್ರಿ, ಗಾಳಿನೂ ಐತಿ. ತುಂಬಿಸ್ಯಾರ, ಖರೆ. ತೆಗದಿಲ್ಲ."

ಗಾಳಿ ಇದೆ ಅಂದ ಮೇಲೆ ಪೂರ್ತಿ ಬ್ಲೀಡಿಂಗೇ ಮಾಡಬೇಕಾಯಿತು. ಅಂದರೆ ಕಾಕಾ ಬ್ಲೀಡಿಂಗ್ ವಿರೋಧಿ ಏನಲ್ಲ. ಹಳದಿ ತುಂಡು ಇಟ್ಟರು. ಕ್ಯಾಲಿಪರಿನ ನಿಪ್ಪಲ್ಲಿಗೆ 7 ಎಂಎಂ ಸ್ಪ್ಯಾನರ್ ಸಿಕ್ಕಿಸಿ, ಅದರ ಮೇಲೆ ಸಿರಿಂಜಿನ ಪೈಪು ಹಾಕಿ, ಕೆಳಗಿನಿಂದ ಮೇಲಕ್ಕೆ ಹೊಸ ಎಣ್ಣೆ ತಳ್ಳಿದರು. ಗಾಳಿ ಮೇಲಕ್ಕೇ ಹೋಗಬೇಕಲ್ಲ, ಅದನ್ನು ಕೆಳಗೆ ದೂಡುವ ಹಠ ಯಾಕೆ? ಹೋಸ್‌ಗೆ ಸ್ಪ್ಯಾನರಿನ ಹಿಡಿಯಿಂದ ಟಕಟಕ ಬಡಿದರು. ಲಿವರನ್ನು ಸ್ವಲ್ಪ ಆಚೆ ಸ್ವಲ್ಪ ಈಚೆ ವಾಲಿಸಿ ಅಮುಕಿದರು. ಪ್ರತಿ ಸಲವೂ ಮತ್ತೊಂದು ಗುಳ್ಳೆ. ನಮ್ಮಲ್ಲಿ ಸಿಲಿಂಡರ್ ಟೆಸ್ಟಿಗೆ ಹಾಕುವಾಗಲೂ ಮೊದಲ ಕೆಲಸ ಗಾಳಿ ತೆಗೆಯುವುದು. ಅಲ್ಲಿ ಆತುರ ಮಾಡುವ ಹೊಸ ಹುಡುಗರನ್ನು ಕರೆದುಕೊಂಡು ಬಂದು ಕಾಕಾನ ಎದುರು ಕೂರಿಸಬೇಕು ಅನಿಸಿತು.

ಫನೆಲ್ ತೆಗೆಯುವ ಮೊದಲು ಅದರ ಬೂಚು ಹಾಕಿದರು, ಸ್ಕ್ರೂ ಕೂರಿಸುವಾಗ ಎಣ್ಣೆ ತೂತಿನ ಬಾಯಿವರೆಗೆ ಉಬ್ಬಿ ನಿಂತಿತ್ತು. ಒಂದು ಹನಿ ಹೊರಗೆ ಚೆಲ್ಲಿತು. ಚೆಲ್ಲಬೇಕು. ಚೆಲ್ಲದಿದ್ದರೆ ಅಲ್ಲಿ ಗಾಳಿ ಉಳಿದಿದೆ ಅಂತ ಅರ್ಥ.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಚಕ್ರ ಇನ್ನೂ ಒಂದು ಕಡೆ ಉಜ್ಜುತ್ತಿತ್ತು. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಏನು? ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಹಿಡಿದುಕೊಂಡು, ಮತ್ತೆ ಬಿಗಿ ಮಾಡುವುದು. ಎರಡೂ ಪಿಸ್ಟನ್ ಸಮ ಸರಿಯುತ್ತಿದ್ದರೆ ಅದು ಸರಿ. ಕಾಕಾ ಕ್ಯಾಲಿಪರಿನ ಹಿಂದೆ ಒಂದು ಬಿಳಿ ಹಾಳೆ ಹಿಡಿದು, ಟಾರ್ಚ್ ಬಿಟ್ಟು, ನನ್ನನ್ನು ಲಿವರ್ ಒತ್ತಲು ಹೇಳಿದರು. ಬಲಗಡೆಯ ಪಿಸ್ಟನ್ ಚಟ್ಟನೆ ಬಂದು ರೋಟರನ್ನೇ ಎಡಕ್ಕೆ ಬಗ್ಗಿಸುತ್ತಿತ್ತು. ಎಡಗಡೆಯದು ಕೂತಲ್ಲೇ ಕೂತಿತ್ತು.

ಪಿಸ್ಟನ್ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇರುತ್ತದೆ. ಲಿವರ್ ಒತ್ತಿದಾಗ ಅದು ಪಿಸ್ಟನ್ ಜೊತೆ ತಿರುಚಿಕೊಳ್ಳುತ್ತದೆ, ಬಿಟ್ಟಾಗ ವಾಪಸ್ ನೆಟ್ಟಗಾಗುತ್ತದೆ, ಪಿಸ್ಟನ್ನನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬ್ರೇಕ್ ಬಿಡಿಸುವುದು ಆ ಸೀಲೇ. ಪ್ಯಾಡುಗಳ ನಡುವಿನ ಸ್ಪ್ರಿಂಗ್ ಅಲ್ಲ, ಅದು ಪ್ಯಾಡ್ ಅಲುಗಾಡದಂತೆ ಅಗಲಿಸಿ ಹಿಡಿಯಲು ಮಾತ್ರ. ಪಿಸ್ಟನ್ ಮೈಮೇಲೆ ಕೆಂಪು ಮಣ್ಣಿನ ಅಂಟು ಕೂತರೆ ಈ ಸಣ್ಣ ಆಟ ನಿಂತುಹೋಗುತ್ತದೆ.

ಕಾಕಾ ಪ್ಯಾಡ್ ತೆಗೆದು, ಓಡಾಡುವ ಪಿಸ್ಟನ್ನನ್ನು ಟೈರ್ ಲಿವರಿನಿಂದ ಅದುಮಿ ಹಿಡಿದು, ಬ್ರೇಕನ್ನು ಮೆಲ್ಲಗೆ ಒತ್ತಿದರು. ಹಟ ಮಾಡುತ್ತಿದ್ದದ್ದು ಸ್ವಲ್ಪ ಹೊರಗೆ ಇಣುಕಿತು. ಪೂರ್ತಿ ಹೊರಗೆ ಬಂದರೆ ಕಥೆಯೇ ಬೇರೆ, ಅದಕ್ಕೇ ಒಂದೊಂದೇ ಒತ್ತು. ಹೊರಬಂದ ಭಾಗದ ಸುತ್ತ ಕಂದು ಪಟ್ಟಿಯೊಂದು ಕಾಣಿಸಿತು. ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಸ್ಪಿರಿಟ್ ಅದ್ದಿ ಸುತ್ತಲೂ ಒರೆಸಿದರು, ಆಮೇಲೆ ಬೇರೆ ಕಡ್ಡಿಯಲ್ಲಿ ಅದೇ ಗುಲಾಬಿ ಎಣ್ಣೆ ಒಂದು ತೊಟ್ಟು. ಒಳಗೆ ತಳ್ಳಿ, ಮತ್ತೆ ಹೊರಗೆ, ಮತ್ತೆ ಒರೆಸಿ. ಹತ್ತಿ ಬೆಳ್ಳಗೆ ಬರುವವರೆಗೂ ಇದೇ ಕೆಲಸ. ಆಮೇಲೆ ಎರಡೂ ಪಿಸ್ಟನ್ ಒಟ್ಟಿಗೆ ಬಂದವು. ಗ್ರೀಸ್ ಹಚ್ಚಲಿಲ್ಲ, ಡಬ್ಲ್ಯುಡಿ-40 ಹೊಡೆಯಲಿಲ್ಲ. ಇದಕ್ಕೆ ನನ್ನ ಕಡೆಯಿಂದ ಪೂರ್ತಿ ಅಂಕ.

ಇನ್ನು ಹಿಂದಿನ ಬ್ರೇಕು. ಅದು ಹಿಡಿಯುತ್ತಿರಲಿಲ್ಲ, ಕೂಗುತ್ತಿತ್ತು. ಕಾಂಗ್ರೆಸ್ ರೋಡಿನಲ್ಲಿ ಬ್ರೇಕ್ ಹಾಕಿದರೆ ಮುಂದಿನ ಸ್ಕೂಟರಿನವರು ತಿರುಗಿ ನೋಡುವಷ್ಟು. ಕಾಕಾ ಪ್ಯಾಡ್ ಬಿಚ್ಚಿ ಮೂಗಿನ ಹತ್ತಿರ ಹಿಡಿದರು. "ಎಲ್ಲಿ ತೊಳಿಸೀರಿ?" ತಮ್ಮ ಒಮ್ಮೆ ಸೈಕಲ್ಲನ್ನು ಮೋಟರ್ ಬೈಕ್ ತೊಳೆಯುವ ಕಡೆ ಒಯ್ದಿದ್ದ. ಅಲ್ಲಿ ನೀರು ಹೊಡೆದ ಮೇಲೆ ಮಿಂಚಲಿ ಅಂತ ಡೀಸೆಲ್ ಸ್ಪ್ರೇ ಮಾಡುತ್ತಾರಲ್ಲ, ಪಾಪ, ಪ್ರೀತಿಯಿಂದ ಸೈಕಲ್ಲಿಗೂ ಮಾಡಿದ್ದಾರೆ. ರೋಟರ್ ಮಿಂಚಿತು, ಬ್ರೇಕ್ ಹೋಯಿತು.

ಪ್ಯಾಡಿನ ಮಸಾಲೆ ಸಣ್ಣ ಸಣ್ಣ ರಂಧ್ರದ್ದು. ಎಣ್ಣೆ ಕುಡಿದರೆ ಬಿಡುವುದಿಲ್ಲ. ಗ್ಯಾಸ್ ಒಲೆ ಮೇಲೆ ಸುಟ್ಟು, ಪಾಲಿಶ್ ಪೇಪರ್ ಉಜ್ಜಿ ವಾಪಸ್ ಹಾಕುವ ವಿದ್ಯೆ ಎಲ್ಲ ಕಡೆ ಓಡಾಡುತ್ತಿದೆ. ನಾನೂ ಕೇಳಿದೆ, ಸುಟ್ಟರೆ ಆಗಲ್ವಾ ಕಾಕಾ ಅಂತ. "ಓಣ್ಯಾಗ ಓಡಾಡೂದಿದ್ರ ಸುಡೂಣು. ಗುಡ್ಡ ಇಳಿಯೂದಿದ್ರ ಹೊಸಾವು ಹಾಕೂಣು. ಯಾವುದು ಹೇಳ್ರಿ." ಹೊಸವೇ ಹಾಕಿಸಿದೆ. ರೋಟರನ್ನು ಸ್ಪಿರಿಟ್ಟಿನಿಂದ ಬೇರೆ ಬೇರೆ ಬಟ್ಟೆಯಲ್ಲಿ ಒರೆಸಿದರು. ಒಂದೇ ಬಟ್ಟೆಯಲ್ಲಿ ಒರೆಸಿದರೆ ಎಣ್ಣೆಯನ್ನು ಅತ್ತಿಂದಿತ್ತ ಸಾಗಿಸಿದ ಹಾಗಾಗುತ್ತದೆ, ಅಷ್ಟೇ.

ನನಗೆ ಮೆಟಲ್ ಪ್ಯಾಡ್ ಬೇಕಿತ್ತು. ಕೆಸರಿನಲ್ಲಿ ಬಾಳಿಕೆ ಜಾಸ್ತಿ, ಸದ್ದು ಸ್ವಲ್ಪ ಹೆಚ್ಚು ಮಾಡಿದರೂ ಪರವಾಗಿಲ್ಲ. ಕಾಕಾ ಏನೂ ಮಾತಾಡದೆ ರೋಟರಿನ ಮೇಲೆ ಟಾರ್ಚ್ ಬಿಟ್ಟರು. ಅಲ್ಲಿ ಇಂಗ್ಲಿಷಿನಲ್ಲಿ ಕೆತ್ತಿತ್ತು: ರೆಸಿನ್ ಪ್ಯಾಡ್ ಓನ್ಲಿ. ಅಂದರೆ ರಾಳದಿಂದ ಮಾಡಿದ ಮೆತ್ತನೆಯ ಪ್ಯಾಡ್ ಮಾತ್ರ. ಕಡಿಮೆ ದರದ ಶಿಮಾನೊ ರೋಟರ್‌ಗಳ ಉಕ್ಕು ಮೆಟಲ್ ಪ್ಯಾಡನ್ನು ತಡೆಯುವಷ್ಟು ಗಟ್ಟಿ ಇರುವುದಿಲ್ಲ, ಬೇಗ ಸವೆಯುತ್ತದೆ. ಮೆಟಲ್ ಬೇಕಿದ್ದರೆ ರೋಟರೂ ಬದಲಿಸಬೇಕು. ಹೊಸದರ ದಪ್ಪ 1.8 ಎಂಎಂ, 1.5ಕ್ಕೆ ಇಳಿದರೆ ತೆಗೆದುಹಾಕಬೇಕು. ನನ್ನದನ್ನು ಆಮೇಲೆ ವರ್ನಿಯರ್ ಹಿಡಿದು ನೋಡಿದೆ, 1.7 ಇತ್ತು. ಇನ್ನೂ ಓಡುತ್ತದೆ ಅಂತ ರೆಸಿನ್ ಪ್ಯಾಡೇ ಹಾಕಿಸಿಕೊಂಡೆ. ದುಬಾರಿ ರೋಟರ್ ಮಾರುವ ಅವಕಾಶ ಅವರಿಗಿತ್ತು. ಮಾರಲಿಲ್ಲ.

ಈಗ ದೂರುಗಳು.

ಬೋಲ್ಟ್ ಎಷ್ಟು ಬಿಗಿಯಾಗಿದೆ ಅಂತ ಅಳೆದು ಹೇಳುವ ಟಾರ್ಕ್ ರೆಂಚ್ ಇಲ್ಲ. ಎಲ್ಲ ಕೈ ಅಂದಾಜು. ಕ್ಯಾಲಿಪರ್ ಬೋಲ್ಟ್‌ಗಳು 6ರಿಂದ 8 ನ್ಯೂಟನ್ ಮೀಟರ್ ಇರಬೇಕು. ಮನೆಗೆ ಬಂದು ಪರೀಕ್ಷಿಸಿದರೆ ಮುಂದಿನ ಎರಡು ಸರಿ ಇದ್ದವು, ಹಿಂದಿನ ಒಂದು ಬೋಲ್ಟ್ 6ಕ್ಕೂ ಮೊದಲೇ ತಿರುಗಿತು. ಬೀಳುವಷ್ಟು ಸಡಿಲವೇನಲ್ಲ, ಆದರೆ ಬ್ರೇಕಿನ ವಿಷಯದಲ್ಲಿ ಅಂದಾಜು ನನಗೆ ಹಿಡಿಸುವುದಿಲ್ಲ. ಹೋಗಿ ಹೇಳಿದೆ ಕೂಡ. ಕಾಕಾ ನಕ್ಕರು. "ನಲವತ್ತು ವರ್ಷದ ಕೈ ಐತ್ರಿ ಇದು" ಅಂದರು. ಇರಲಿ ಕಾಕಾ, ಕೈಗೆ ವಯಸ್ಸಾಗುತ್ತೆ, ರೆಂಚಿಗೆ ಆಗಲ್ಲ ಅಂದೆ. ತರಿಸುತ್ತಾರೋ ಇಲ್ಲವೋ ನೋಡಬೇಕು.

ಇನ್ನೊಂದು, ಹೇಳಿದ ದಿನಕ್ಕೆ ಕೆಲಸ ಮುಗಿಯುತ್ತದೆ ಅಂತ ನಂಬಬೇಡಿ. ಶಾಲೆ ಶುರುವಾಗುವ ಹೊತ್ತಿನಲ್ಲಿ ಮಕ್ಕಳ ಸೈಕಲ್ಲುಗಳ ಸಾಲು ಇರುತ್ತದೆ, ಅವಕ್ಕೇ ಮೊದಲ ಸರದಿ. ಅದು ನನಗೆ ತಪ್ಪು ಅನಿಸುವುದಿಲ್ಲ, ಆದರೆ ಭಾನುವಾರ ಚೋರ್ಲಾ ಕಡೆ ಹೊರಡುವವರು ಶನಿವಾರ ಸಂಜೆ ಸೈಕಲ್ ಒಯ್ದು ಕೊಟ್ಟು ಆಮೇಲೆ ಬೈದುಕೊಳ್ಳಬೇಡಿ. ಪ್ಯಾಡುಗಳ ಸ್ಟಾಕೂ ಕಡಿಮೆ. ಶಿಮಾನೊ ಬಿ05ಎಸ್ ಥರದ ಸಾಮಾನ್ಯ ಪ್ಯಾಡ್ ಸಿಗುತ್ತದೆ. ನಾಲ್ಕು ಪಿಸ್ಟನ್‌ನ ಬ್ರೇಕ್ ಇದ್ದರೆ ನೀವೇ ತರಿಸಿಕೊಂಡು ಹೋಗಿ.

ದರ ಅಂದರೆ, ಒಂದು ಬ್ರೇಕಿನ ಬ್ಲೀಡಿಂಗಿಗೆ ಎಣ್ಣೆ ಸೇರಿ 250 ರೂಪಾಯಿ. ಪಿಸ್ಟನ್ ಸ್ವಚ್ಛ ಮಾಡಿದ್ದಕ್ಕೆ ಬೇರೆ ತೆಗೆದುಕೊಳ್ಳಲಿಲ್ಲ. ಪ್ಯಾಡ್ ಮೇಲೆ ಬರೆದ ಬೆಲೆಗೇ ಕೊಟ್ಟರು. ಫೋನ್‌ಪೇ ನಡೆಯುತ್ತದೆ, ಸ್ಕ್ಯಾನರ್ ಕಟ್ಟಿರುವುದು ಪಂಕ್ಚರ್ ನೀರಿನ ಬೋಗುಣಿಯ ಮೇಲೆ.

ಸ್ರಾಮ್ ಕಂಪನಿಯ ಬ್ರೇಕ್ ಇರುವವರಿಗೆ ಒಂದು ಮಾತು. ಶಿಮಾನೊ, ಟೆಕ್ಟ್ರೊ, ಮಗುರಾ ಇವೆಲ್ಲ ಮಿನರಲ್ ಆಯಿಲ್ ಬ್ರೇಕು. ಸ್ರಾಮ್‌ನಲ್ಲಿ ಡಿಬಿ8, ಮೇವನ್‌ನಂಥವು ಮಿನರಲ್ ಆಯಿಲ್, ಹಳೆಯ ಮಾಡೆಲ್‌ಗಳಲ್ಲಿ ಹೆಚ್ಚಿನವಕ್ಕೆ ಡಾಟ್ 5.1 ಅನ್ನೋ ಬೇರೆಯೇ ಜಾತಿಯ ಬ್ರೇಕ್ ಎಣ್ಣೆ. ಎರಡೂ ಬ್ರೇಕ್ ಆಯಿಲ್ಲೇ ಅಲ್ವಾ ಅಂತ ಒಂದರ ಬದಲು ಇನ್ನೊಂದು ಹಾಕಿದರೆ ಸೀಲ್‌ಗಳು ಉಬ್ಬಿ ಕೆಡುತ್ತವೆ, ಆಮೇಲೆ ಇಡೀ ಸೆಟ್ ಬದಲಿಸುವುದೇ ದಾರಿ. ಮೋಟರ್ ಬೈಕ್ ಮೆಕ್ಯಾನಿಕ್ ಹತ್ತಿರ ಸೈಕಲ್ ಒಯ್ದವರಿಗೆ ಆಗುವುದು ಇದೇ, ಅವರ ಕೈಯಲ್ಲಿ ಇರುವುದು ಡಾಟ್ ಬಾಟಲಿ. ಕಾಕಾನ ಹತ್ತಿರ ಎರಡಕ್ಕೂ ಬೇರೆ ಬೇರೆ ಸಿರಿಂಜ್ ಇವೆ, ಡಾಟ್‌ನದಕ್ಕೆ ಕೆಂಪು ಟೇಪ್ ಸುತ್ತಿದ್ದಾರೆ. ಆದರೆ ಡಾಟ್ ಎಣ್ಣೆ ಅವರು ಇಡುವುದಿಲ್ಲ, ಸೀಲ್ ಒಡೆಯದ ಸಣ್ಣ ಬಾಟಲಿ ನೀವೇ ತರಬೇಕು. ಇದು ಸೋಮಾರಿತನ ಅಲ್ಲ. ಡಾಟ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಹೊಸ 5.1ರ ಕುದಿಯುವ ಬಿಂದು ಕನಿಷ್ಠ 260 ಡಿಗ್ರಿ, ತೇವ ಹೀರಿದ್ದಕ್ಕೆ ಇರಬೇಕಾದ ಕನಿಷ್ಠ 180. ನಮ್ಮ ಬೆಳಗಾವಿ ಮಳೆಯಲ್ಲಿ ಅರ್ಧ ಖಾಲಿಯಾದ ಬಾಟಲಿ ತಿಂಗಳುಗಟ್ಟಲೆ ಶೆಲ್ಫಿನಲ್ಲಿ ಕೂತರೆ ಅದನ್ನು ಯಾರ ಬ್ರೇಕಿಗೆ ಹಾಕುವುದು? ಫ್ರೇಮಿನ ಮೇಲೆ ಬಿದ್ದರೆ ಪೇಂಟೂ ಕಿತ್ತುಬರುತ್ತದೆ.

ಸೈಕಲ್ ಕೊಡುವಾಗ ಕಾಕಾ ತಾವಾಗಿಯೇ ಹೇಳಿದ್ದು ಎರಡು ವಿಷಯ. ಮೊದಲನೆಯದು, ಚಕ್ರ ಬಿಚ್ಚಿದಾಗ ಲಿವರ್ ಒತ್ತಬೇಡಿ, ಪ್ಯಾಡುಗಳ ನಡುವೆ ಏನಾದರೂ ತುಂಡು ಇಡಿ. ರೋಟರ್ ಇಲ್ಲದೆ ಒತ್ತಿದರೆ ಪ್ಯಾಡುಗಳು ಒಂದನ್ನೊಂದು ಅಪ್ಪಿಕೊಂಡು ಬಿಡುತ್ತವೆ. ಎರಡನೆಯದು ಹೊಸ ಪ್ಯಾಡ್ ಬಗ್ಗೆ: "ಇವತ್ತ ಯಳ್ಳೂರ ಗುಡ್ಡ ಹತ್ತಬ್ಯಾಡ್ರಿ. ಮೊದಲ ಸಪಾಟ ರಸ್ತೇದಾಗ ಕೂಡಸ್ರಿ." ಇದು ಬಹಳ ಜನ ಬಿಟ್ಟುಬಿಡುವ ಕೆಲಸ. 20 ಕಿಲೋಮೀಟರ್ ವೇಗಕ್ಕೆ ಬಂದು, ಚಕ್ರ ಕಚ್ಚದ ಹಾಗೆ ಒಂದೇ ಸಮನೆ ಬ್ರೇಕ್ ಒತ್ತಿ ನಡಿಗೆಯ ವೇಗಕ್ಕೆ ಇಳಿಸಬೇಕು. ಪೂರ್ತಿ ನಿಲ್ಲಬಾರದು. ಹೀಗೆ ಒಂದಿಪ್ಪತ್ತು ಸಲ, ಮುಂದಿನದು ಬೇರೆ, ಹಿಂದಿನದು ಬೇರೆ. ಪ್ಯಾಡಿನ ತೆಳು ಪದರ ರೋಟರಿನ ಮೇಲೆ ಸಮನಾಗಿ ಕೂರಬೇಕು. ಆಗಲೇ ಹಿಡಿತ. ನಾನು ವ್ಯಾಕ್ಸಿನ್ ಡಿಪೋ ಹತ್ತಿರದ ಖಾಲಿ ರಸ್ತೆಯಲ್ಲಿ ಬೆಳಿಗ್ಗೆ ಮಾಡಿದೆ. ವಾಕಿಂಗ್ ಬಂದ ಅಜ್ಜ ಒಬ್ಬರು "ಬ್ರೇಕ್ ಫೇಲ್ ಆಗೇತೇನವಾ?" ಅಂತ ವಿಚಾರಿಸಿದರು. ಕೊನೆ ಕೊನೆಗೆ ಹಿಂದಿನ ಬ್ರೇಕಿನ ಕೂಗು ನಿಂತು, ಒತ್ತಿದಾಗ ಸಣ್ಣ ಗೊರಗೊರ ಸದ್ದು ಮಾತ್ರ ಉಳಿಯಿತು.

ಆಮೇಲೆ ಈ ಮಳೆಗಾಲದ ಕೆಸರಿನಲ್ಲೇ ರಾಜಹಂಸಗಡ ಹತ್ತಿ ಇಳಿದಿದ್ದೇನೆ. ಮುಂದಿನ ಲಿವರ್ ಒಂದೇ ಬೆರಳಿಗೆ ಸಾಕು. ಹಿಂದಿನದು ಸ್ವಲ್ಪ ಉದ್ದ ಬರುತ್ತದೆ, ಅದರ ಎಣ್ಣೆ ಬದಲಿಸಿಲ್ಲ. ಕಾಕಾನೇ ಬೇಡ ಅಂದರು, ಗುಳ್ಳೆ ಇಲ್ಲ, ಬಣ್ಣ ತಿಳಿ ಇದೆ, ಮಳೆ ಮುಗಿದ ಮೇಲೆ ತನ್ನಿ ಅಂತ.

ವಾರಂಟಿ ಇರುವ ಹೊಸ ಸೈಕಲ್ಲನ್ನು ಮೊದಲು ಕೊಂಡ ಅಂಗಡಿಗೇ ಒಯ್ಯಿರಿ, ಇಲ್ಲಿ ಬಿಲ್ ಸಿಗದ ಕಾರಣ ಆಮೇಲೆ ತಕರಾರು ಬರಬಹುದು. ಉಳಿದವರು ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ. ಸೈಕಲ್ ತೊಳೆದುಕೊಂಡು ಹೋಗಿ, ಬರೀ ನೀರಿನಲ್ಲಿ. ಮಣ್ಣು ಮೆತ್ತಿದ ಕ್ಯಾಲಿಪರನ್ನು ಕಾಕಾ ಮುಟ್ಟುವುದಿಲ್ಲ, ನಲ್ಲಿ ಎಲ್ಲಿದೆ ಅಂತ ಬೆರಳು ತೋರಿಸುತ್ತಾರೆ.